ಗಟ್ಟಿಮೇಳಕ್ಕೆ ಮುಂಚೆ: ಆಟಿಸಂ ಇರುವ ಮನೆಮಂದಿಯನ್ನು ಮದುವೆಯಲ್ಲಿ ಜೊತೆಗೂಡಿಸಿಕೊಳ್ಳುವ ಬಗೆ

ಮದುಮಗಳ ತಂದೆತಾಯಿ ಧಾರೆಯ ದಿನ ಬೆಳಗ್ಗೆ ಮಣೆಯ ಮೇಲೆ ಕೂತರೆ ಊಟದ ಹೊತ್ತಿನವರೆಗೆ ಮಂಟಪ ಬಿಟ್ಟು ಏಳುವ ಹಾಗಿಲ್ಲ. ಆಟಿಸಂ ಇರುವ ಮಗನನ್ನು ವರ್ಷವಿಡೀ ನೋಡಿಕೊಳ್ಳುವವರೂ ಅವರೇ. ಮದುವೆ ಮನೆಯ ಹೆಚ್ಚಿನ ತೊಂದರೆಗಳು ಹುಟ್ಟುವುದು ಇಲ್ಲಿಂದ. ಗದ್ದಲ ಮಿತಿಮೀರಿದ, ಹೇಳಿದ ಹೊತ್ತಿಗೆ ಏನೂ ನಡೆಯದ ದಿನದಲ್ಲೇ ಅವನ ಮನಸ್ಸು ಬಲ್ಲ ಇಬ್ಬರೂ ಅವನ ಕೈಗೆ ಸಿಗುವುದಿಲ್ಲ. ಆಗ ಮನೆಯವರಿಗೆ ಎರಡೇ ದಾರಿ ಕಾಣುತ್ತವೆ: ಯಾರಾದರೂ ನೆಂಟರ ಜೊತೆ ಮನೆಯಲ್ಲಿ ಬಿಟ್ಟು ಬರುವುದು, ಇಲ್ಲವೇ ಛತ್ರದ ಕೋಣೆಯಲ್ಲಿ ಮೊಬೈಲ್ ಕೊಟ್ಟು ಕೂರಿಸುವುದು. ಎರಡು ತಿಂಗಳು ಮೊದಲೇ ತಯಾರಿ ಶುರುಮಾಡಿದರೆ ಎರಡೂ ಬೇಕಾಗುವುದಿಲ್ಲ. ಅಕ್ಕನ ಮದುವೆಯಲ್ಲಿ ತಮ್ಮನಿಗೆ ಸಲ್ಲಬೇಕಾದ ಪಾಲು ಸಲ್ಲುತ್ತದೆ.

ಹೇಳುವುದಕ್ಕೆ ಸುಲಭವಾಗಲೆಂದು ಇಲ್ಲಿ ಮದುಮಗಳ ತಮ್ಮನನ್ನು ಮನಸ್ಸಿನಲ್ಲಿಟ್ಟು ಬರೆದಿದ್ದೇವೆ. ಅಣ್ಣನೋ ತಂಗಿಯೋ ಚಿಕ್ಕಮ್ಮನ ಮಗಳೋ ಆದರೂ ಕ್ರಮ ಇದೇ. ಶಾಸ್ತ್ರಗಳು ಮನೆಯಿಂದ ಮನೆಗೆ, ಜಿಲ್ಲೆಯಿಂದ ಜಿಲ್ಲೆಗೆ ಬೇರೆಯಾಗುತ್ತವೆ, ಅದಕ್ಕೆ ತಕ್ಕಂತೆ ಹೊಂದಿಸಿಕೊಳ್ಳಿ.

ಮೊದಲು ಅವನನ್ನೇ ಕೇಳಿ

ಮಾತು ಬರುವವನಾದರೆ ನೇರವಾಗಿ ಕೇಳಿ: ಯಾವುದಕ್ಕೆ ಇರಲು ಇಷ್ಟ, ಯಾವುದು ಬೇಡ. ಮಾತು ಕಡಿಮೆಯಿದ್ದರೆ ನೆಂಟರ ಮದುವೆಯ ಫೋಟೋಗಳನ್ನು ಮುಂದಿಟ್ಟು ಅವನು ಯಾವುದನ್ನು ಎತ್ತಿಕೊಳ್ಳುತ್ತಾನೆ, ಯಾವುದನ್ನು ತಳ್ಳುತ್ತಾನೆ ನೋಡಿ. ದೊಡ್ಡವರ ವಿಷಯದಲ್ಲಿ ಇದನ್ನು ಮರೆಯುವುದೇ ಹೆಚ್ಚು. ಇಪ್ಪತ್ತೈದು ವರ್ಷದವನನ್ನು ಕೇಳದೆಯೇ ಅವನ ಪರವಾಗಿ ಎಲ್ಲವನ್ನೂ ತೀರ್ಮಾನಿಸಿಬಿಡುತ್ತಾರೆ. ಆರತಕ್ಷತೆ ಬೇಡ, ಧಾರೆ ಮಾತ್ರ ಸಾಕು ಎಂದರೆ ಆ ಮಾತಿಗೆ ಬೆಲೆ ಕೊಡಿ.

ಆಮೇಲೆ ಮದುವೆಯ ಎರಡು ದಿನಗಳಲ್ಲಿ ಅವನು ಇರಲೇಬೇಕಾದ ಎರಡೋ ಮೂರೋ ಗಳಿಗೆಗಳನ್ನು ಆರಿಸಿಕೊಳ್ಳಿ. ಅರಿಶಿನ ಶಾಸ್ತ್ರದಲ್ಲಿ ಹತ್ತು ನಿಮಿಷ, ಮಾಂಗಲ್ಯಧಾರಣೆ, ಅರಳು ಹಾಕುವ ಹೊತ್ತು, ಹೀಗೆ. ಉಳಿದದ್ದೆಲ್ಲ ಅವನಿಗೆ ಇಷ್ಟ ಬಂದರೆ ಉಂಟು, ಇಲ್ಲದಿದ್ದರೆ ಇಲ್ಲ. ನಾಂದಿಯಿಂದ ಬೀಗರ ಔತಣದವರೆಗೆ ಎಲ್ಲಕ್ಕೂ ಕರೆತರಲು ಹೋದ ಮನೆಗಳಲ್ಲಿ ಮುಹೂರ್ತದ ಹೊತ್ತಿಗೆ ಹುಡುಗ ಸುಸ್ತಾಗಿರುತ್ತಾನೆ, ಬೇಕಾದ ಗಳಿಗೆಯೇ ಕೈತಪ್ಪುತ್ತದೆ. ಅವನ ಸಹನೆ ಒಂದು ಕೊಡ ನೀರು ಇದ್ದಂತೆ. ಬೆಳಗಿನ ಕಾಶಿಯಾತ್ರೆಗೇ ಅದನ್ನು ಸುರಿದುಬಿಡಬೇಡಿ.

ಬೀಗರಿಗೆ ಹೇಳುವುದು

ಸಂಬಂಧ ಎಲ್ಲಿ ತಪ್ಪಿಹೋಗುತ್ತದೋ ಎಂಬ ಭಯಕ್ಕೆ ಎಷ್ಟೋ ಮನೆಗಳಲ್ಲಿ ಇಂಥ ಮಗ ಇದ್ದಾನೆ ಎಂಬುದನ್ನೇ ಮುಚ್ಚಿಡುತ್ತಾರೆ. ಆ ಭಯ ಎಲ್ಲಿಂದ ಬಂತು ಎಂಬುದು ಅರ್ಥವಾಗುತ್ತದೆ. ಆದರೂ ನಿಶ್ಚಿತಾರ್ಥಕ್ಕೆ ಮೊದಲೇ ಹೇಳಿ ಎಂದೇ ನಮ್ಮ ಸಲಹೆ. ಮುಚ್ಚಿಟ್ಟರೆ ಛತ್ರದಲ್ಲಿ ಅವನನ್ನೂ ಮುಚ್ಚಿಡಬೇಕಾಗುತ್ತದೆ, ಮಗಳು ಗಂಡನ ಮನೆಯಲ್ಲಿ ಆ ಗುಟ್ಟನ್ನು ಹೊತ್ತುಕೊಂಡು ಬಾಳಬೇಕಾಗುತ್ತದೆ. ಹೇಳುವಾಗ ಹೆಸರಿಟ್ಟು ಹೇಳಿ: ಆಟಿಸಂ, ಕನ್ನಡದಲ್ಲಿ ಸ್ವಲೀನತೆ. ಇದು ಮಿದುಳು ಬೆಳೆಯುವ ರೀತಿಯಲ್ಲೇ ಇರುವ ವ್ಯತ್ಯಾಸ, ಅಂಟುವ ರೋಗವಲ್ಲ, ಬೆಳೆಸಿದ್ದರಲ್ಲಿ ಆದ ತಪ್ಪೂ ಅಲ್ಲ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಗುರುತಿಸಿರುವ 21 ವಿಧದ ವೈಕಲ್ಯಗಳಲ್ಲಿ ಇದೂ ಸೇರಿದೆ.

ಮದುಮಗ ಮದುವೆಗೆ ಮುಂಚೆ ಮೂರು ನಾಲ್ಕು ಸಲವಾದರೂ ಮನೆಗೆ ಬಂದು ಅವನ ಜೊತೆ ಕೂರಲಿ. ಮಾತಾಡಿಸಲೇಬೇಕೆಂದಿಲ್ಲ, ಅವನು ಮಾಡುತ್ತಿರುವ ಕೆಲಸದ ಪಕ್ಕದಲ್ಲಿ ಇಪ್ಪತ್ತು ನಿಮಿಷ ಇದ್ದರೂ ಸಾಕು. ಮಂಟಪದಲ್ಲಿ ಅಕ್ಕನ ಪಕ್ಕ ಕೂತವರು ಗುರುತಿನವರಾದರೆ ಅವನಿಗೆ ಅರ್ಧ ಧೈರ್ಯ ಬಂದಂತೆ.

ಛತ್ರ, ಕೋಣೆ

ಛತ್ರ ನೋಡಲು ಹೋದಾಗ ಎಲ್ಲರೂ ಡೈನಿಂಗ್ ಹಾಲ್, ಪಾರ್ಕಿಂಗ್ ನೋಡುತ್ತಾರೆ. ನೀವು ಇನ್ನೂ ನಾಲ್ಕು ವಿಷಯ ನೋಡಿ. ಜನರೇಟರ್ ಎಲ್ಲಿದೆ? ಅಡುಗೆಮನೆಯ ಎಕ್ಸಾಸ್ಟ್ ಫ್ಯಾನ್ ಯಾವ ಕೋಣೆಗಳ ಕಡೆಗೆ ಗಾಳಿ ಬಿಡುತ್ತದೆ? ಟೆರೇಸಿನ ಬಾಗಿಲಿಗೆ ಬೀಗ ಇದೆಯೇ? ಹಿಂಬಾಗಿಲಿನಿಂದ ಹೊರಹೋಗಿ ಕಾರು ಹತ್ತುವ ದಾರಿ ಇದೆಯೇ?

ವಧುವಿನ ಕೋಣೆ, ವರನ ಕೋಣೆ ಬಿಟ್ಟು ಒಂದು ಕೋಣೆ ಅವನಿಗೆಂದೇ ಇರಲಿ. ಮೂಲೆಯ ಕೋಣೆ, ಮಂಟಪದಿಂದ ಕನಿಷ್ಠ ಎರಡು ಗೋಡೆ ಆಚೆ. ಸ್ಟೇಜಿನ ಹಿಂದಿನ ಕೋಣೆ ಹತ್ತಿರ ಎಂದು ಆರಿಸಬೇಡಿ, ಸ್ಪೀಕರ್ ಅಲ್ಲೇ ಇರುತ್ತದೆ. ಹಳೆಯ ಚೋಕ್ ಇರುವ ಟ್ಯೂಬ್‌ಲೈಟ್ ಮಿನುಗುತ್ತಿದ್ದರೆ ಅದನ್ನು ಆಫ್ ಮಾಡಿ, ಮನೆಯಿಂದ ಒಂದು ಟೇಬಲ್ ಲ್ಯಾಂಪ್ ಒಯ್ಯಿರಿ. ಅವನ ಹಾಸಿಗೆಯ ಹೊದಿಕೆ, ದಿಂಬು, ಕುಡಿಯುವ ಲೋಟ, ಬಚ್ಚಲಿನ ಮಗ್ ಸಹ ಮನೆಯದೇ ಇರಲಿ.

ಆ ಕೋಣೆ ಕೆಡುವುದು ಸಂಜೆಯ ಹೊತ್ತಿಗೆ. ಯಾರೋ ಸೀರೆ ಬದಲಿಸಲು ಬರುತ್ತಾರೆ, ಇನ್ಯಾರೋ ಮಲಗಿದ ಕೂಸನ್ನು ತಂದು ಹಾಕುತ್ತಾರೆ, ತಾಂಬೂಲದ ತೆಂಗಿನಕಾಯಿ ಮೂಟೆ ಒಳಗೆ ಬರುತ್ತದೆ. ಯಾರದೂ ಕೆಟ್ಟ ಮನಸ್ಸಲ್ಲ, ಖಾಲಿ ಕೋಣೆ ಕಂಡರೆ ಮದುವೆ ಮನೆಯಲ್ಲಿ ಹಾಗೇ ಆಗುವುದು. ಬೀಗದಕೈ ಅವನ ಜೊತೆ ಇರುವವರ ಸೊಂಟದಲ್ಲೇ ಇರಬೇಕು. ಬಾಗಿಲಿಗೆ ದಪ್ಪ ಅಕ್ಷರದಲ್ಲಿ ‘ಇದು ವಿಶ್ರಾಂತಿ ಕೋಣೆ, ದಯವಿಟ್ಟು ಒಳಗೆ ಬರಬೇಡಿ’ ಎಂದು ಅಂಟಿಸಿ. ಚಿಲಕ ಒಳಗಿನಿಂದ ಹಾಕಿಕೊಂಡರೆ ಹೊರಗಿನಿಂದ ತೆಗೆಯಲು ಬರುತ್ತದೆಯೇ ಎಂದು ಮೊದಲೇ ನೋಡಿ. ಬಾರದಿದ್ದರೆ ಚಿಲಕಕ್ಕೆ ಟೇಪ್ ಸುತ್ತಿಬಿಡಿ.

ಜೊತೆಗಿರುವ ಇಬ್ಬರು

ಒಬ್ಬರು ಸಾಲದು, ಇಬ್ಬರು ಬೇಕು. ಎರಡೆರಡು ಗಂಟೆಗೊಮ್ಮೆ ಅದಲುಬದಲಾಗಲಿ. ಯಾವ ಶಾಸ್ತ್ರಕ್ಕೂ ಬೇಕಾಗದವರನ್ನು ಆರಿಸಿ. ಸೋದರಮಾವ ಬೇಡ, ಅವರನ್ನು ನಡುವೆ ಹತ್ತು ಸಲ ಕರೆಯುತ್ತಾರೆ. ತಂದೆಯ ಗೆಳೆಯರು, ಅಕ್ಕನ ಕಾಲೇಜಿನ ಗೆಳತಿ, ಶಾಲೆಯ ವಿಶೇಷ ಶಿಕ್ಷಕಿ, ಪಕ್ಕದ ಮನೆಯ ಅಂಕಲ್ ಆಗಬಹುದು. ಬೇಗ ಓಡಬೇಕಾಗಿ ಬಂದರೆ ಓಡುವಂಥ ಉಡುಪು, ಚಪ್ಪಲಿ ಅವರದಾಗಿರಲಿ. ಮದುವೆಗೆ ಆರು ವಾರ ಇರುವಾಗಲೇ ವಾರಕ್ಕೆ ಒಂದೆರಡು ಸಲ ಮನೆಗೆ ಬಂದು ಅವನ ಜೊತೆ ತಿಂಡಿ ತಿಂದು ವಾಕಿಂಗ್ ಹೋಗಿ ಬರಲಿ. ಇಬ್ಬರಲ್ಲಿ ಒಬ್ಬರಿಗಾದರೂ ಅವನನ್ನು ಬಚ್ಚಲಿಗೆ ಕರೆದೊಯ್ಯುವ ಸಲುಗೆ ಇರಬೇಕು. ಹದಿನಾರು ವರ್ಷದ ಹುಡುಗನಿಗೆ ಜೊತೆ ಗಂಡಸರಿದ್ದರೆ ಒಳ್ಳೆಯದು, ಹುಡುಗಿಯಾದರೆ ಹೆಂಗಸರು. ಛತ್ರದ ಬಚ್ಚಲುಗಳಲ್ಲಿ ಇದು ದೊಡ್ಡ ಪ್ರಶ್ನೆಯಾಗುತ್ತದೆ.

ಒಂದು ಕಾರು ಗೇಟಿನ ಕಡೆ ಮುಖಮಾಡಿ ನಿಂತಿರಲಿ, ಅದರ ಹಿಂದೆ ಬೇರೆ ವಾಹನ ನಿಲ್ಲಿಸದಂತೆ ವಾಚ್‌ಮನ್‌ಗೆ ಹೇಳಿಡಿ. ಮನೆ ಅರ್ಧ ಗಂಟೆಯ ದಾರಿಯಲ್ಲಿದ್ದರೆ ಹಿಂದಿನ ರಾತ್ರಿ ಅವನು ಮನೆಯಲ್ಲೇ ಮಲಗಲಿ. ಹಾಲಿನಲ್ಲಿ ಜಮಖಾನ ಹಾಸಿ ನಲವತ್ತು ಜನ ಮಲಗುವ ಕಡೆ ಅವನಿಗೆ ನಿದ್ದೆ ಬಾರದು, ನಿದ್ದೆಗೆಟ್ಟ ಬೆಳಗ್ಗೆ ಸಣ್ಣ ಸದ್ದೂ ದೊಡ್ಡದಾಗುತ್ತದೆ.

ಚಿತ್ರದ ಪುಸ್ತಕ ಮತ್ತು ಕ್ರಮದ ಪಟ್ಟಿ

ಛತ್ರಕ್ಕೆ ಹೋಗಿ ಗೇಟು, ಮಂಟಪ, ಊಟದ ಹಾಲ್, ಅವನ ಕೋಣೆ, ಬಚ್ಚಲು ಎಲ್ಲದರ ಫೋಟೋ ತೆಗೆಯಿರಿ. ಎಂಟು ಹತ್ತು ಪುಟದ ಸಣ್ಣ ಪುಸ್ತಕ ಮಾಡಿ, ಪುಟಕ್ಕೆ ಒಂದು ಚಿತ್ರ, ಒಂದೆರಡು ಸಾಲು. ಮನೆಯಲ್ಲಿ ಆಡುವ ಕನ್ನಡದಲ್ಲೇ ಬರೆಯಿರಿ:

‘ಅಕ್ಕನ ಮದುವೆ ಈ ಛತ್ರದಲ್ಲಿ ನಡೆಯುತ್ತೆ. ತುಂಬಾ ಜನ ಬರ್ತಾರೆ. ಅಪ್ಪ ಅಮ್ಮ ಮಂಟಪದಲ್ಲಿ ಕೂತಿರ್ತಾರೆ. ನಾನು ಪಕ್ಕದ ಮನೆ ಅಂಕಲ್ ಜೊತೆ ಇರ್ತೀನಿ. ಓಲಗ ಜೋರಾಗಿ ಊದ್ತಾರೆ. ನಾನು ಕಿವಿಗೆ ಮಫ್ ಹಾಕ್ಕೋಬಹುದು. ಸಾಕು ಅನ್ನಿಸಿದರೆ ಹಳದಿ ಕಾರ್ಡ್ ತೋರಿಸ್ತೀನಿ. ಅಂಕಲ್ ನನ್ನನ್ನ ಕೋಣೆಗೆ ಕರ್ಕೊಂಡು ಹೋಗ್ತಾರೆ.’

ಮೂರು ವಾರ, ದಿನಕ್ಕೊಮ್ಮೆ ಓದಿ. ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ, ಬೆಂಗಳೂರಿನ ನಿಮ್ಹಾನ್ಸ್‌ನಂಥ ಕಡೆ ಅಥವಾ ಊರಿನ ಥೆರಪಿ ಕೇಂದ್ರದಲ್ಲಿ ತೋರಿಸುತ್ತಿದ್ದರೆ ಅಲ್ಲಿನ ಥೆರಪಿಸ್ಟ್ ಹತ್ತಿರ ಈ ಪುಸ್ತಕ ಮಾಡಿಸಿಕೊಳ್ಳಬಹುದು. ಅವನು ಮಾತಿಗೆ ಆವಾಜ್‌ನಂಥ ಚಿತ್ರದ ಆ್ಯಪ್ ಬಳಸುವವನಾದರೆ ‘ಸಾಕು’, ‘ಹೊರಗೆ ಹೋಗೋಣ’, ‘ಸದ್ದು ಜಾಸ್ತಿ’, ‘ಬಾವ’, ‘ಅರಳು’ ಎಂಬ ಪದಗಳನ್ನು ಮೊದಲೇ ಸೇರಿಸಿ. ಟ್ಯಾಬ್ ಚಾರ್ಜ್ ಮುಗಿದರೆ ಅವನ ಮಾತೇ ನಿಂತಂತೆ, ಪವರ್‌ಬ್ಯಾಂಕ್ ಇಟ್ಟುಕೊಳ್ಳಿ.

ದಿನದ ಪಟ್ಟಿಯಲ್ಲಿ ಗಡಿಯಾರದ ಹೊತ್ತು ಬರೆಯಬೇಡಿ. ‘9.40ಕ್ಕೆ ಮುಹೂರ್ತ’ ಎಂದು ಬರೆದರೆ 9.41ಕ್ಕೆ ಅವನಿಗೆ ಆತಂಕ ಶುರು. ಯಾವುದರ ನಂತರ ಯಾವುದು ಎಂಬುದಷ್ಟೇ ಇರಲಿ: ಸ್ನಾನ, ತಿಂಡಿ, ಕಾರು, ಕೋಣೆ, ಅಕ್ಕನನ್ನು ನೋಡುವುದು, ತಾಳಿ, ಕೋಣೆ, ಅರಳು, ಊಟ, ಮನೆ. ಮುಗಿದದ್ದನ್ನು ಕಿತ್ತು ಡಬ್ಬಿಗೆ ಹಾಕುವಂತೆ ವೆಲ್ಕ್ರೋ ಅಂಟಿಸಿ. ಜೊತೆಗೆ ‘ಬದಲಾಯಿತು’ ಎಂಬ ಒಂದು ಕಾರ್ಡ್ ಇರಲಿ. ಮದುವೆ ಮನೆಯಲ್ಲಿ ಅದು ಖಂಡಿತ ಕೆಲಸಕ್ಕೆ ಬರುತ್ತದೆ. ಅದರ ಅರ್ಥ ಏನೆಂದು ಮನೆಯಲ್ಲಿ ಸಣ್ಣಪುಟ್ಟ ಬದಲಾವಣೆ ಮಾಡಿ ಕಲಿಸಿ, ಇಲ್ಲದಿದ್ದರೆ ಅದು ಬರೀ ಕಾಗದ.

ಉಡುಪು

ಜರಿ ಚುಚ್ಚುತ್ತದೆ, ಹೊಸ ಬಟ್ಟೆಯ ಗಂಜಿ ಉಜ್ಜುತ್ತದೆ, ಪಂಚೆ ಜಾರುತ್ತದೆ, ಪೇಟ ಹಣೆಯನ್ನು ಒತ್ತುತ್ತದೆ, ಸುಗಂಧರಾಜದ ಹಾರ ಮೂಗಿನ ಕೆಳಗೇ ಇರುತ್ತದೆ. ಒಂದೊಂದೂ ಸಣ್ಣದೇ. ಅವನ ಚರ್ಮಕ್ಕೆ, ಮೂಗಿಗೆ ಎಲ್ಲವೂ ಒಟ್ಟಿಗೆ ಬಡಿಯುತ್ತವೆ. ಒಳಗೆ ದಿನವೂ ತೊಡುವ ಹಳೆಯ ಹತ್ತಿಯ ಬನಿಯನ್. ಮೇಲೆ ನಾಲ್ಕು ಸಲ ಒಗೆದು ಮೆತ್ತಗಾದ ಹತ್ತಿ ಅಂಗಿ, ಕುತ್ತಿಗೆಯ ಲೇಬಲ್ ಕತ್ತರಿಸಿರಬೇಕು. ಪಂಚೆ ಬೇಕೇಬೇಕು ಎಂದಾದರೆ ಸೊಂಟಕ್ಕೆ ವೆಲ್ಕ್ರೋ ಇರುವ ರೆಡಿಮೇಡ್ ಪಂಚೆ, ಒಳಗೆ ಚಡ್ಡಿ. ರೇಷ್ಮೆ ಶಲ್ಯವನ್ನು ಫೋಟೋ ಹೊತ್ತಿಗೆ ಎರಡು ನಿಮಿಷ ಹೆಗಲಿಗೆ ಹಾಕಿದರೆ ಸಾಕು. ಪೂರ್ತಿ ಉಡುಪನ್ನು ಮದುವೆಗೆ ಮೊದಲು ಮೂರು ದಿನ, ಇಪ್ಪತ್ತಿಪ್ಪತ್ತು ನಿಮಿಷ ಮನೆಯಲ್ಲಿ ತೊಡಿಸಿ. ಬೇಡವೆಂದರೆ ಪ್ಯಾಂಟು ಟೀ ಶರ್ಟೇ ಇರಲಿ. ಅದೇ ಉಡುಪಿನ ಇನ್ನೊಂದು ಜೊತೆ ಬ್ಯಾಗಿನಲ್ಲಿರಲಿ, ಪಾಯಸ ಚೆಲ್ಲಿಕೊಂಡಾಗ ಬೇಕಾಗುತ್ತದೆ.

ಬಾಗಿಲಲ್ಲಿ ಪನ್ನೀರು ಚಿಮುಕಿಸುವವರಿಗೆ, ಗಂಧ ಕುಂಕುಮ ಹಚ್ಚುವವರಿಗೆ ಅವನ ಫೋಟೋ ತೋರಿಸಿ ಹೇಳಿಡಿ. ಕೇಳದೆ ಮುಖಕ್ಕೆ ನೀರು ಬಿದ್ದರೆ ದಿನದ ಮೊದಲ ಹೆಜ್ಜೆಯೇ ತಪ್ಪುತ್ತದೆ.

ಗಟ್ಟಿಮೇಳ

ನಾದಸ್ವರ ಮತ್ತು ಡೋಲು ಒಟ್ಟಿಗೆ ಏರುವ ಆ ಒಂದೆರಡು ನಿಮಿಷ ಇಡೀ ಮದುವೆಯಲ್ಲಿ ಅವನಿಗೆ ಅತಿ ಕಠಿಣ. ಅಕ್ಕನ ಕೊರಳಿಗೆ ತಾಳಿ ಬೀಳುವುದೂ ಅದೇ ಹೊತ್ತಿಗೆ. ಹಾಗಾಗಿ ಅತಿ ಹೆಚ್ಚು ತಯಾರಿ ಇದಕ್ಕೇ ಬೇಕು.

ಹತ್ತಿರದಲ್ಲಿ ನಿಂತರೆ ಡೋಲಿನ ಸದ್ದು 100 ಡೆಸಿಬೆಲ್ ದಾಟಬಹುದು. ಬಯಲಿನಲ್ಲಿ ದೂರ ಇಮ್ಮಡಿಯಾದರೆ ಸದ್ದು ಸುಮಾರು 6 ಡೆಸಿಬೆಲ್ ಇಳಿಯುತ್ತದೆ. ಛತ್ರದ ಗೋಡೆ, ಚಾವಣಿ ಅದನ್ನು ತಿರುಗಿ ಎಸೆಯುವುದರಿಂದ ಒಳಗೆ ಅಷ್ಟೂ ಇಳಿಯುವುದಿಲ್ಲ. ಆದ್ದರಿಂದ ಹಿಂದಿನ ಸಾಲಿಗೆ ಕೂರಿಸಿದರೆ ಆಯಿತು ಎಂಬ ಲೆಕ್ಕ ತಪ್ಪು. ಬೇಕಾದದ್ದು ಒಂದು ಬಾಗಿಲು: ಅದರ ಹೊಸ್ತಿಲಲ್ಲಿ ನಿಂತರೆ ಮಂಟಪ ಕಾಣಬೇಕು, ಎರಡು ಹೆಜ್ಜೆ ಹಿಂದಿಟ್ಟು ಬಾಗಿಲು ಎಳೆದುಕೊಂಡರೆ ಸದ್ದು ಕುಗ್ಗಬೇಕು. ಅಂಥ ಬಾಗಿಲನ್ನು ಛತ್ರ ನೋಡಲು ಹೋದ ದಿನವೇ ಗುರುತಿಸಿಡಿ.

ಕಿವಿಗೆ, ಕಾರ್ಖಾನೆಯ ಕೆಲಸದವರು ಹಾಕುವಂಥ ಇಯರ್ ಮಫ್ ಕೊಳ್ಳಿ. ಪೆಟ್ಟಿಗೆಯ ಮೇಲೆ ಎನ್‌ಆರ್‌ಆರ್ (NRR) ಎಂದು ಬರೆದ ಅಂಕಿ, ಅಂದರೆ ಸದ್ದನ್ನು ಎಷ್ಟು ತಗ್ಗಿಸುತ್ತದೆ ಎಂಬ ಅಳತೆ, 20ಕ್ಕಿಂತ ಮೇಲಿರಲಿ. ಸದ್ದಡಗಿಸುವ ಬ್ಲೂಟೂತ್ ಹೆಡ್‌ಫೋನ್ ಬಸ್ಸಿನ ಇಂಜಿನ್‌ನಂಥ ಒಂದೇ ಸಮನೆಯ ಗುಂಯ್‌ಗುಡುವಿಕೆಗೆ ಚೆನ್ನ, ಡೋಲಿನ ಏಟನ್ನು ಅದು ಅಷ್ಟಾಗಿ ತಡೆಯದು. ಮಫ್ ಅನ್ನು ಒಂದು ತಿಂಗಳ ಮುಂಚೆ ಕೊಟ್ಟು ಐದೈದು ನಿಮಿಷ ಹಾಕಿಕೊಂಡು ಅಭ್ಯಾಸವಾಗಲಿ. ದಿನವಿಡೀ ಹಾಕಿಟ್ಟರೆ ತೆಗೆದಾಗ ಸಾಮಾನ್ಯ ಸದ್ದೂ ಜೋರೆನಿಸುತ್ತದೆ, ಗದ್ದಲ ಮುಗಿದ ಮೇಲೆ ತೆಗೆಯಿರಿ.

ಮನೆಯಲ್ಲಿ ಗಟ್ಟಿಮೇಳದ ರೆಕಾರ್ಡಿಂಗ್ ಅನ್ನು ಮೊದಲು ಪಿಸುಮಾತಿನಷ್ಟು ಸಣ್ಣಗೆ, ಎರಡು ಮೂರು ವಾರದಲ್ಲಿ ಒಂದೊಂದೇ ಹಂತ ಏರಿಸಿ ಕೇಳಿಸಿ. ಬಟನ್ ಅವನ ಕೈಯಲ್ಲೇ ಇರಲಿ. ಮುಖ ಕಿವುಚಿದರೆ ಅಲ್ಲಿಗೆ ನಿಲ್ಲಿಸಿ. ಒತ್ತಾಯಿಸಿ ಕೇಳಿಸಿದರೆ ಭಯ ಗಟ್ಟಿಯಾಗುತ್ತದೆ.

ಓಲಗದ ಮುಖ್ಯಸ್ಥರನ್ನು ಹಿಂದಿನ ದಿನವೇ ಕಂಡು ಎರಡು ಮಾತು ಹೇಳಿ: ಡೋಲಿನ ಮುಂದೆ ಮೈಕ್ ಇಡಬೇಡಿ, ಮತ್ತು ನಾವು ಗುರುತಿಸಿದ ಬಾಗಿಲಿಗೆ ದೂರದ ಬದಿಯಲ್ಲಿ ಕೂತುಕೊಳ್ಳಿ. ಗೌರವದಿಂದ ಕೇಳಿದರೆ ಬೇಡವೆನ್ನುವವರು ಕಡಿಮೆ.

ಮುನ್ಸೂಚನೆಗೆ ಗಡಿಯಾರ ನೋಡಬೇಕಿಲ್ಲ. ಎಷ್ಟೋ ಮದುವೆಗಳಲ್ಲಿ ತಾಳಿಯನ್ನು ತಟ್ಟೆಯಲ್ಲಿಟ್ಟು ಹಿರಿಯರು ಮುಟ್ಟಿ ಹರಸಲೆಂದು ಸಭೆಯ ನಡುವೆ ತರುತ್ತಾರೆ. ಆ ತಟ್ಟೆ ಹೊರಟಾಗ ಜೊತೆಗಿರುವವರು ಅವನನ್ನು ಬಾಗಿಲ ಬಳಿಗೆ ಕರೆತರಲಿ. ತಟ್ಟೆ ಮಂಟಪಕ್ಕೆ ಮರಳಿದಾಗ ಮಫ್ ಹಾಕಲಿ. ಪುರೋಹಿತರು ‘ಗಟ್ಟಿಮೇಳ’ ಎಂದು ಕೈಯೆತ್ತುವ ಹೊತ್ತಿಗೆ ಹಾಕಲು ಹೋದರೆ ತಡವಾಯಿತು. ಅಕ್ಷತೆ ಎಸೆಯಲು ಜನ ಎದ್ದು ನುಗ್ಗುವುದೂ ಅದೇ ಕ್ಷಣಕ್ಕೆ, ಅವನು ದಾರಿಯ ನಡುವೆ ಇರಬಾರದು. ಅವನ ಅಕ್ಷತೆ ಕೈಯಲ್ಲೇ ಇರಲಿ. ಜನ ಕರಗಿದ ಮೇಲೆ ಹೋಗಿ ಅಕ್ಕನ ತಲೆಯ ಮೇಲೆ ನಿಧಾನವಾಗಿ ಹಾಕಲಿ.

ಅಷ್ಟೂ ಆಗದಿದ್ದರೆ ಕೋಣೆಯಲ್ಲಿ ಲೈವ್ ವಿಡಿಯೊ ಹಾಕಿಡಿ. ವಿಡಿಯೊದವರು ಹೇಗೂ ಲೈವ್ ಕೊಡುತ್ತಾರೆ, ಸದ್ದು ಅವನ ಕೈಯಲ್ಲಿರುತ್ತದೆ. ಅದೂ ಮದುವೆ ನೋಡಿದಂತೆಯೇ.

ಅವನಿಗೊಂದು ಕೆಲಸ

ಕೂತು ನೋಡುವುದು ಕಷ್ಟ, ಕೈಗೆ ಕೆಲಸವಿದ್ದರೆ ಸುಲಭ. ಲಾಜಹೋಮದಲ್ಲಿ ಶಾಸ್ತ್ರವೇ ತಮ್ಮನಿಗೊಂದು ಜಾಗ ಇಟ್ಟಿದೆ: ಅಕ್ಕನ ಬೊಗಸೆಗೆ ಅರಳು ಹಾಕಬೇಕಾದವನು ಅವನು. ಇಂಥ ಮಗ ಇದ್ದಾಗ ದೊಡ್ಡಪ್ಪನ ಮಗನನ್ನು ಕೂರಿಸಿ ಮುಗಿಸಿಬಿಡುವುದುಂಟು. ದಯವಿಟ್ಟು ಹಾಗೆ ಮಾಡಬೇಡಿ. ಮೂರು ಸಲ ಒಂದೇ ಕೆಲಸ, ಒಂದೇ ಕ್ರಮ, ಶುರುವೂ ಕೊನೆಯೂ ಸ್ಪಷ್ಟ. ಆಟಿಸಂ ಇರುವ ಎಷ್ಟೋ ಜನರಿಗೆ ಒಗ್ಗುವಂಥದ್ದೇ ಇದು.

ಅಭ್ಯಾಸ ಹೀಗೆ. ಅಂಗಡಿಯಿಂದ ಅರ್ಧ ಕಿಲೋ ಭತ್ತದ ಅರಳು ತನ್ನಿ, ಮನೆಯ ಮೊರದಲ್ಲಿ ಹಾಕಿ. ಅಕ್ಕ ಎದುರಿಗೆ ಬೊಗಸೆ ಹಿಡಿದು ಕೂರಲಿ. ಅವನು ಎರಡೂ ಕೈ ತುಂಬಿ ಹಾಕಬೇಕು, ಹಿಂದೆ ಸರಿಯಬೇಕು, ಕಾಯಬೇಕು, ಮತ್ತೆ ಹಾಕಬೇಕು. ಕಾಯುವುದೇ ಕಷ್ಟದ ಭಾಗ. ಆ ಹೊತ್ತಿಗೆ ಮೊರವನ್ನು ಅವನೇ ಹಿಡಿದಿರಲಿ. ಮೂರು ಸಣ್ಣ ಬಟ್ಟಲಲ್ಲಿ ಅರಳು ಅಳೆದಿಟ್ಟರೆ ಮೂರನೆಯದು ಖಾಲಿಯಾದಾಗ ಮುಗಿಯಿತೆಂದು ಅವನಿಗೇ ತಿಳಿಯುತ್ತದೆ. ಎರಡು ವಾರ, ದಿನ ಬಿಟ್ಟು ದಿನ ಮಾಡಿ. ಕೊನೆಯ ಎರಡು ಸಲ ಮದುಮಗನೂ ಇರಲಿ.

ಪುರೋಹಿತರಿಗೆ ಮುಂಚೆಯೇ ಹೇಳಿ: ಅವನ ಸರದಿ ಬರುವ ಐದು ನಿಮಿಷ ಮುಂಚೆ ಕರೆಯಿರಿ, ಮೊದಲೇ ಕರೆದು ಕೂರಿಸಬೇಡಿ, ಮಂತ್ರ ಹೇಳಿಸಬೇಡಿ, ಅವನಿಗೆ ಹೋಮಕುಂಡದಿಂದ ಒಂದು ಹೆಜ್ಜೆ ದೂರದ ಜಾಗ ಕೊಡಿ. ಹೊಗೆ ಯಾವ ಕಡೆಗೆ ಹೋಗುತ್ತಿದೆಯೋ ಅದರ ಎದುರು ಬದಿಯಲ್ಲಿ ಅವನು ನಿಲ್ಲಲಿ. ಒಣಗದ ಸೌದೆ ಹೆಚ್ಚು ಹೊಗೆ ಕಾರುತ್ತದೆ, ಸಮಿತ್ತು ಚೆನ್ನಾಗಿ ಒಣಗಿರುವಂತೆ ನೋಡಿಕೊಳ್ಳಿ. ಸಿಂಥೆಟಿಕ್ ಬಟ್ಟೆ ಬೆಂಕಿಯ ಹತ್ತಿರ ಬೇಡವೇ ಬೇಡ. ಒಂದು ಸಲ ಹಾಕಿ ಎದ್ದು ಹೋದರೆ ಉಳಿದ ಎರಡನ್ನು ಬೇರೆಯವರು ಹಾಕಲಿ, ಯಾರೂ ಅವನನ್ನು ಕೂಗಿ ಕರೆಯಬಾರದು.

ಹೋಮವಿಲ್ಲದ ಪದ್ಧತಿಯಲ್ಲಿ ಬೇರೆ ಕೆಲಸಗಳಿವೆ. ಅಂತರಪಟದ ಒಂದು ತುದಿ ಹಿಡಿಯುವುದು, ಜೀರಿಗೆ ಬೆಲ್ಲದ ಬಟ್ಟಲು ತಂದುಕೊಡುವುದು. ನೆಂಟರೆಲ್ಲ ಸಾಲುಗಟ್ಟಿ ಧಾರೆ ಎರೆಯುವ ಕಡೆ ಅವನೇ ಮೊದಲಿಗನಾಗಲಿ, ಸಾಲಿನಲ್ಲಿ ನಿಲ್ಲುವ ಕಷ್ಟ ತಪ್ಪುತ್ತದೆ. ಜನರ ಎದುರು ಬರಲು ಇಷ್ಟವಿಲ್ಲದವನಿಗೆ ಹಿಂದಿನ ದಿನದ ಕೆಲಸ: ತಾಂಬೂಲದ ಚೀಲಕ್ಕೆ ಒಂದು ಕಾಯಿ, ಎರಡು ಎಲೆ, ಒಂದು ಅಡಿಕೆ ಪೊಟ್ಟಣ ಹಾಕಿ ಹತ್ತು ಹತ್ತರಂತೆ ಜೋಡಿಸುವುದು. ಮನೆಯಲ್ಲಿ ಕೂತು ಇನ್ನೂರು ಚೀಲ ತುಂಬಿದವನು ಮದುವೆಯಲ್ಲಿ ದುಡಿದವನೇ. ಯಾರೇ ಕೇಳಿದರೂ ಹಾಗೆಂದೇ ಹೇಳಿ.

ಓಲಗ, ಹೋಮ, ನೂರಾರು ಜನ ಯಾವುದೂ ಅವನಿಗೆ ಆಗುವುದಿಲ್ಲ ಎಂದು ಗೊತ್ತಿದ್ದು, ಮದುಮಕ್ಕಳಿಗೂ ಒಪ್ಪಿಗೆಯಿದ್ದರೆ ಮಂತ್ರ ಮಾಂಗಲ್ಯದಂಥ ಸರಳ ಮದುವೆಯನ್ನೂ ಯೋಚಿಸಬಹುದು.

ಊಟ

ಪಂಕ್ತಿ ಊಟದಲ್ಲಿ ತಪ್ಪುವುದು ಮೂರು ಕಡೆ. ಕುರ್ಚಿಯ ಹಿಂದೆ ಮುಂದಿನ ಪಂಕ್ತಿಯವರು ಬಂದು ನಿಲ್ಲುತ್ತಾರೆ. ಬಡಿಸುವವರು ಕೇಳದೆ ಬಡಿಸುತ್ತಾರೆ. ಎಲೆಯ ಮೇಲೆ ಸಾರು ಹರಿದು ಪಲ್ಯಕ್ಕೆ, ಪಾಯಸ ಹರಿದು ಅನ್ನಕ್ಕೆ ಸೇರುತ್ತದೆ. ಒಂದಕ್ಕೊಂದು ತಾಗಿದರೆ ತಿನ್ನದವನಿಗೆ ಅಲ್ಲಿಗೆ ಊಟ ಮುಗಿಯಿತು. ಮನೆಯ ಸ್ಟೀಲ್ ಖಾನೆ ತಟ್ಟೆ ಒಯ್ಯಿರಿ. ಅಡುಗೆ ಕಂಟ್ರಾಕ್ಟರ್ ಹತ್ತಿರ ಮೊದಲೇ ಮಾತಾಡಿ, ಮೊದಲ ಪಂಕ್ತಿಗೆ ಅರ್ಧ ಗಂಟೆ ಮುಂಚೆ ಅನ್ನ, ತುಪ್ಪ, ಮೊಸರು, ಅವನು ತಿನ್ನುವ ಒಂದು ಪದಾರ್ಥ ಕೋಣೆಗೆ ಬರುವಂತೆ ಮಾಡಿ. ಅವನು ನಾಲ್ಕೇ ಪದಾರ್ಥ ತಿನ್ನುವವನಾದರೆ ಮನೆಯ ಡಬ್ಬಿಯೇ ಸರಿ. ‘ಮದುವೆ ಮನೆಯಲ್ಲಿ ಚಿರೋಟಿ ತಿನ್ನದೆ ಇರ್ತಾರಾ’ ಎಂದು ಬಾಯಿಗಿಡಲು ಬರುವವರನ್ನು ಜೊತೆಗಿರುವವರು ನಯವಾಗಿ ತಡೆಯಲಿ. ದಿನದ ಮಾತ್ರೆಯಿದ್ದರೆ ಫೋನಿನಲ್ಲಿ ಅಲಾರಂ ಇಡಿ, ಊಟ ತಡವಾದಾಗ ಮಾತ್ರೆಯೂ ತಪ್ಪುತ್ತದೆ. ಅಡುಗೆಮನೆಯ ಬಾಗಿಲು ಮಾತ್ರ ಸದಾ ಕಣ್ಣಳತೆಯಲ್ಲಿರಲಿ. ಕುದಿಯುವ ಸಾಂಬಾರಿನ ಕೊಪ್ಪರಿಗೆಗಳು ನೆಲದ ಮಟ್ಟದಲ್ಲೇ ಇರುತ್ತವೆ.

ಆರತಕ್ಷತೆ, ಫೋಟೋ

ಮನೆಮಂದಿಯ ಫೋಟೋವನ್ನು ಅತಿಥಿಗಳು ಬರುವ ಮುಂಚೆ, ಮದುಮಕ್ಕಳು ಸ್ಟೇಜ್ ಹತ್ತಿದ ಕೂಡಲೇ ತೆಗೆಸಿ. ಐದು ನಿಮಿಷ, ಫ್ಲ್ಯಾಶ್ ಇಲ್ಲದೆ. ‘ಇಲ್ನೋಡು, ನಗು’ ಎಂದು ನಾಲ್ಕು ಕಡೆಯಿಂದ ಕೂಗಬಾರದು. ಕ್ಯಾಮೆರಾ ನೋಡದ ಫೋಟೋವೂ ಚೆನ್ನಾಗಿಯೇ ಬರುತ್ತದೆ. ಆಮೇಲೆ ಅವನು ಮನೆಗೆ ಹೋಗಬಹುದು.

ಡಿಜೆ, ಹೊಗೆ ಯಂತ್ರ, ಸ್ಟೇಜಿನ ಬೆಂಕಿಕಿಡಿ ಯಾವ ಹೊತ್ತಿಗೆ ಎಂದು ಕೇಳಿ ಬರೆದುಕೊಳ್ಳಿ. ಆಟಿಸಂ ಇರುವವರಲ್ಲಿ ಮೂರ್ಛೆರೋಗ ಬೇರೆಯವರಿಗಿಂತ ಹೆಚ್ಚು. ಅಂಥವರಲ್ಲಿ ಕೆಲವರಿಗೆ ಸೆಕೆಂಡಿಗೆ 3ರಿಂದ 30 ಸಲ ಮಿನುಗುವ ಬೆಳಕು ಫಿಟ್ಸ್ ತರಿಸಬಲ್ಲದು, ನಿದ್ದೆಗೇಡೂ ತರಿಸಬಲ್ಲದು. ಅವನಿಗೆ ಹಿಂದೆ ಫಿಟ್ಸ್ ಬಂದಿದ್ದರೆ ಸ್ಟ್ರೋಬ್ ಲೈಟ್ ಬೇಡವೆಂದು ಕರಾರಿನಲ್ಲೇ ಬರೆಸಿ. ಫಿಟ್ಸ್ ಬಂದರೆ ಒಂದು ಮಗ್ಗುಲಿಗೆ ತಿರುಗಿಸಿ ಮಲಗಿಸಿ, ತಲೆಯ ಕೆಳಗೆ ಮೆತ್ತಗಿನದ್ದು ಇಡಿ, ಹೊತ್ತು ನೋಡಿಕೊಳ್ಳಿ. ಬಾಯಿಗೆ ಏನೂ ಹಾಕಬೇಡಿ, ಕೈಗೆ ಕಬ್ಬಿಣ ಕೊಟ್ಟು ಕೂರಬೇಡಿ. ಐದು ನಿಮಿಷ ದಾಟಿದರೆ 108ಕ್ಕೆ ಕರೆ ಮಾಡಿ.

ಸುಮ್ಮನಿರಲೆಂದು ಹೊಸ ಮಾತ್ರೆಯನ್ನು ಮದುವೆಯ ದಿನವೇ ಮೊದಲ ಸಲ ಕೊಡಬೇಡಿ. ಕೆಲವರಿಗೆ ಅದು ತದ್ವಿರುದ್ಧ ಪರಿಣಾಮ ಮಾಡಿ ಚಡಪಡಿಕೆ ಹೆಚ್ಚಿಸುತ್ತದೆ. ಬೇಕೆನಿಸಿದರೆ ತಿಂಗಳ ಮುಂಚೆಯೇ ಡಾಕ್ಟರನ್ನು ಕೇಳಿ.

ನೆಂಟರಿಗೆ

ಮದುವೆಗೆ ಒಂದು ವಾರ ಮುಂಚೆ ಕುಟುಂಬದ ವಾಟ್ಸ್ಆ್ಯಪ್ ಗುಂಪಿಗೆ ಹೀಗೊಂದು ಸಂದೇಶ ಸಾಕು:

‘ಎಲ್ಲರಿಗೂ ನಮಸ್ಕಾರ. ನಮ್ಮ ಮಗ ಅಕ್ಕನ ಮದುವೆಗೆ ತುಂಬಾ ಆಸೆಯಿಂದ ಕಾಯ್ತಿದ್ದಾನೆ. ಅವನಿಗೆ ಆಟಿಸಂ ಇರೋದು ತಮಗೆ ಗೊತ್ತೇ ಇದೆ. ಅವನು ಸಿಕ್ಕಾಗ ದೂರದಿಂದಲೇ ನಮಸ್ಕಾರ ಮಾಡಿ, ಕೆನ್ನೆ ಹಿಡಿಯೋದು, ತಬ್ಬಿಕೊಳ್ಳೋದು ಬೇಡ. ನಾನ್ಯಾರು ಹೇಳು ಅಂತ ಕೇಳೋ ಬದಲು ತಾವೇ ಯಾರು ಅಂತ ಹೇಳಿ. ಮುಖ ನೋಡಿ ಮಾತಾಡದಿದ್ದರೆ, ಕಾಲಿಗೆ ಬೀಳದಿದ್ದರೆ ಬೇಸರ ಮಾಡ್ಕೋಬೇಡಿ. ಅವನು ಕಿವಿ ಮುಚ್ಚಿಕೊಂಡು ಹೊರಗೆ ಹೋದರೆ ದಾರಿ ಬಿಟ್ಟುಕೊಡಿ. ತಮ್ಮೆಲ್ಲರ ಆಶೀರ್ವಾದ ಅವನ ಮೇಲೂ ಇರಲಿ.’

ವಾಟ್ಸ್ಆ್ಯಪ್ ನೋಡದ ಅಜ್ಜಿ, ದೊಡ್ಡಮ್ಮಂದಿರಿಗೆ ಫೋನ್ ಮಾಡಿ ಇದನ್ನೇ ಹೇಳಿ.

ತಡೆಯಲಾರದೆ ಹೋದಾಗ

ಕಿವಿ ಮುಚ್ಚುವುದು, ಒಂದೇ ಮಾತನ್ನು ಮತ್ತೆ ಮತ್ತೆ ಹೇಳುವುದು, ಬಾಗಿಲ ಕಡೆ ನೋಡುವುದು, ಕೈ ಕಚ್ಚಿಕೊಳ್ಳುವುದು ಮುಂಚಿನ ಗುರುತುಗಳು. ಇಷ್ಟರಲ್ಲೇ ಹೊರಗೆ ಕರೆದೊಯ್ದರೆ ಹತ್ತು ನಿಮಿಷದಲ್ಲಿ ಸರಿಹೋಗಬಹುದು. ಅದನ್ನು ದಾಟಿ ಕಿರುಚಾಟ, ಬೀಳುವುದು ಶುರುವಾದರೆ ಅದು ಹಟವಲ್ಲ. ಗದರಿಕೆ, ಬುದ್ಧಿಮಾತು, ಚಾಕೊಲೇಟಿನ ಆಸೆ ಯಾವುದೂ ಆಗ ತಲೆಗೆ ಹೋಗುವುದಿಲ್ಲ. ಒಬ್ಬರು ಮಾತ್ರ ಹತ್ತಿರ ಇರಿ, ಇನ್ನೊಬ್ಬರು ಜನರನ್ನು ಸರಿಸಲಿ. ಮಾತು ಕಡಿಮೆ, ದನಿ ಮೆಲ್ಲಗೆ. ಮುಖಕ್ಕೆ ನೀರು ಚಿಮುಕಿಸುವುದು, ಸುತ್ತ ನಿಂತು ಗಾಳಿ ಬೀಸುವುದು, ಆಗಲೇ ದೃಷ್ಟಿ ತೆಗೆಯಲು ಬರುವುದು ಎಲ್ಲವೂ ಬೆಂಕಿಗೆ ತುಪ್ಪ. ಯಾರಾದರೂ ವಿಡಿಯೊ ಮಾಡುತ್ತಿದ್ದರೆ ನಿಲ್ಲಿಸಿ ಅಳಿಸಲು ಹೇಳಿ. ಸದ್ದಿಲ್ಲದೆ ಮೂಲೆ ಸೇರಿ ಮಾತೇ ನಿಲ್ಲಿಸುವವರೂ ಇದ್ದಾರೆ, ಅವರ ಸಂಕಟ ಕಣ್ಣಿಗೆ ಕಾಣದಷ್ಟೆ. ಶಾಂತವಾದ ಮೇಲೂ ಗಂಟೆಗಟ್ಟಲೆ ದಣಿವಿರುತ್ತದೆ. ಮತ್ತೆ ಮಂಟಪಕ್ಕೆ ಬರುವುದು ಬಿಡುವುದು ಅವನಿಷ್ಟ. ಕ್ಷಮೆ ಕೇಳಿಸಬೇಡಿ.

ಕಣ್ಮರೆಯಾಗದಂತೆ

ಆ ದಿನ ಬೆಳಗ್ಗೆ ಉಡುಪು ತೊಟ್ಟ ಕೂಡಲೇ ಅವನ ಫೋಟೋ ತೆಗೆದು ಇಬ್ಬರು ಜೊತೆಗಾರರ ಮತ್ತು ವಾಚ್‌ಮನ್ ಫೋನಿಗೆ ಕಳಿಸಿ. ಜೇಬಿನಲ್ಲಿ, ಸೊಂಟದ ಪಟ್ಟಿಯ ಒಳಗೆ ಎರಡು ಫೋನ್ ನಂಬರ್ ಬರೆದ ಚೀಟಿ ಇರಲಿ. ಆ ನಂಬರ್‌ಗಳು ಮಂಟಪದಲ್ಲಿ ಕೂತವರದ್ದಾಗಬಾರದು. ಕಾಣದಾದರೆ ಮೊದಲು ನೀರಿನ ಕಡೆ ಓಡಿ: ಸಂಪು, ಬಾವಿ, ಕಲ್ಯಾಣಿ, ಕೆರೆ, ಹೊಳೆ. ಆಟಿಸಂ ಇರುವ ಮಕ್ಕಳು ತಪ್ಪಿಸಿಕೊಂಡಾಗ ಜೀವ ಹೋಗುವುದು ಹೆಚ್ಚಾಗಿ ನೀರಿನಲ್ಲಿ. ನಂಜನಗೂಡು, ಧರ್ಮಸ್ಥಳದಂಥ ಹೊಳೆ ಬದಿಯ ಕ್ಷೇತ್ರಗಳಲ್ಲಿ ಮದುವೆಯಾದರೆ ಈ ಎಚ್ಚರ ಇಮ್ಮಡಿ ಬೇಕು. ಒಬ್ಬರು ಗೇಟಿನಲ್ಲಿ, ಒಬ್ಬರು ರಸ್ತೆಯಲ್ಲಿ, ಒಬ್ಬರು ಟೆರೇಸ್ ಮತ್ತು ಲಿಫ್ಟ್. ಐದು ನಿಮಿಷದಲ್ಲಿ ಸಿಗದಿದ್ದರೆ ಸಂಕೋಚ ಬೇಡ, 112ಕ್ಕೆ ಕರೆ ಮಾಡಿ.

ಅಕ್ಕ ಹೊರಟ ಮೇಲೆ

ಹೆಣ್ಣು ಒಪ್ಪಿಸಿಕೊಡುವಾಗ ಎಲ್ಲರೂ ಅಳುತ್ತಾರೆ. ಬೆಳಗ್ಗೆಯಿಂದ ಸಂತೋಷದ ದಿನ ಎಂದು ಹೇಳಿಸಿಕೊಂಡವನಿಗೆ ಇದು ಅರ್ಥವಾಗುವುದಿಲ್ಲ, ಏನೋ ಕೆಟ್ಟದ್ದಾಯಿತು ಎಂದು ಬೆದರುತ್ತಾನೆ. ಚಿತ್ರದ ಪುಸ್ತಕದ ಕೊನೆಯ ಎರಡು ಪುಟ ಇದಕ್ಕಿರಲಿ: ‘ಅಮ್ಮ ಅಳ್ತಾರೆ. ಯಾರಿಗೂ ನೋವಾಗಿಲ್ಲ. ಅಕ್ಕ ಬಾವನ ಮನೆಯಲ್ಲಿ ಇರ್ತಾಳೆ. ಅಕ್ಕ ಮತ್ತೆ ಬರ್ತಾಳೆ.’ ಬರುವ ದಿನವನ್ನು ಕ್ಯಾಲೆಂಡರಿನಲ್ಲಿ ಗುರುತು ಹಾಕಿ ತೋರಿಸಿ. ಖಚಿತವಿಲ್ಲದ ದಿನ ಹೇಳಬೇಡಿ.

ಅವನ ಮಟ್ಟಿಗೆ ಮದುವೆಯ ದೊಡ್ಡ ಬದಲಾವಣೆ ಮರುದಿನ ಬೆಳಗ್ಗೆ ಶುರುವಾಗುತ್ತದೆ, ಅಕ್ಕನ ಹಾಸಿಗೆ ಖಾಲಿ ಇರುತ್ತದೆ. ದಿನವೂ ಅವಳು ಮಾಡುತ್ತಿದ್ದ ಒಂದು ಕೆಲಸ, ಸಂಜೆ ಹಾಲು ಕೊಡುವುದೋ ಮಲಗುವಾಗ ಹೊದಿಸುವುದೋ, ಅದನ್ನು ಮದುವೆಗೆ ಒಂದು ತಿಂಗಳ ಮುಂಚೆಯೇ ಅಮ್ಮನೋ ಅಪ್ಪನೋ ವಹಿಸಿಕೊಂಡಿರಲಿ. ಅವಳ ಕೋಣೆಯನ್ನು ಆ ವಾರವೇ ಖಾಲಿ ಮಾಡಬೇಡಿ. ಮೊದಲ ಎರಡು ವಾರ ದಿನವೂ ಒಂದೇ ಹೊತ್ತಿಗೆ ಐದು ನಿಮಿಷ ವಿಡಿಯೊ ಕಾಲ್ ಬರಲಿ, ಆಮೇಲೆ ವಾರಕ್ಕೆ ಎರಡು ಸಲ. ಮೊದಲ ಸಲ ಅವನು ಬಾವನ ಮನೆಗೆ ಹೋಗುವ ಮುಂಚೆ ಆ ಮನೆಯ ಗೇಟು, ಸೋಫಾ, ಬಚ್ಚಲು, ಅಕ್ಕನ ಕೋಣೆಯ ಫೋಟೋ ತರಿಸಿಕೊಂಡು, ಹಿಂದಿನಂತೆಯೇ ಎಂಟು ಪುಟದ ಪುಸ್ತಕ ಮಾಡಿ. ಹೋದ ದಿನ ಒಂದು ಗಂಟೆ ಇದ್ದು, ಅವನು ಇನ್ನೂ ಖುಷಿಯಲ್ಲಿರುವಾಗಲೇ ಎದ್ದು ಬನ್ನಿ.